ಬುತ್ತಿಯಲ್ಲಿ ಬಂದ ನಿಬಂಧಗಳು

ನನ್ನ ಅಕ್ಷರ ಚೆಂದವಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕುಂದಗೋಳದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ದಿನಾ ನಾಲ್ಕಾರು ಮಂದಿ ಅರ್ಜಿ ಬರೆಸಿಕೊಳ್ಳಲು ಮೇಜಿನ ಮುಂದೆ ನಿಂತಿರುತ್ತಾರೆ. ಬರೆದುಕೊಟ್ಟ ಕೂಡಲೇ ಹಾಳೆಯನ್ನು ಬೆಳಕಿಗೆ ಹಿಡಿದು, “ಅಬಬಬಾ, ಮುತ್ತು ಪೋಣಿಸಿದಂಗ ಐತಿ ನೋಡ್ರಿ ಸಾಹೇಬ್ರ” ಎನ್ನುತ್ತಾರೆ. ಓದಲು ಬಾರದವರು ಇನ್ನೂ ಜೋರಾಗಿ ಎನ್ನುತ್ತಾರೆ. “ಸಾಕ್ ಸಾಕು, ನಡೀರಿನ್ನ” ಎಂದು ನಾನು ಗದರುತ್ತೇನೆ. ಮಡಿವಾಳೆಪ್ಪನಿಗೆ ಬೈದರೂ ಸಿಟ್ಟು, ಹೊಗಳಿದರೂ ಸಿಟ್ಟು ಎಂದು ಕಚೇರಿಯಲ್ಲಿ ನಗುತ್ತಾರೆ. ನಗಲಿ. ಆ ಅಕ್ಷರ ನನ್ನದಲ್ಲ, ನನ್ನ ತಂಗಿ ನೀಲಕ್ಕನದು. ಕಾಲೇಜಿನಲ್ಲಿದ್ದಾಗ ಕದ್ದದ್ದು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿನ್ನೆ ಒಬ್ಬ ಪುಣ್ಯಾತ್ಮ ತನ್ನ ಮಗಳನ್ನು ಕರೆದುಕೊಂಡು ಬಂದು, “ನೋಡವಾ, ಅಕ್ಷರ ಅಂದ್ರ ಹಿಂಗಿರಬೇಕು, ಇವರನ್ನ ನೋಡಿ ಕಲಿ” ಎಂದ. ಇನ್ನು ತಡೆದುಕೊಳ್ಳುವುದು ನನ್ನಿಂದಾಗದು.

ನಮ್ಮೂರು ನವಲಗುಂದ ತಾಲೂಕಿನ ತಿರ್ಲಾಪುರ. ಕರಿಮಣ್ಣು, ಹತ್ತಿ, ಜೋಳ. ಮಳೆಯಾದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವ ಊರು. ನೀಲಕ್ಕ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅಜ್ಜಿಯ ಹೆಸರಿಟ್ಟಿದ್ದರು, ಹೆಸರಿನ ಜತೆ ಅಜ್ಜಿಯ ದರಬಾರೂ ಬಂದಿತ್ತು. ಅವಳಿಗೆ ಓದುವ ಹುಚ್ಚು. ನಮ್ಮ ಮನೆಯಲ್ಲಿ ಪುಸ್ತಕ ಎಲ್ಲಿಂದ ಬರಬೇಕು? ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರನ್ನೇ ಬಿಡಿಸಿ ಬಿಡಿಸಿ ಓದುತ್ತಿದ್ದಳು. ಒಮ್ಮೆ ಬೆಲ್ಲ ಕಟ್ಟಿದ ಪೇಪರಿನಲ್ಲಿ ಯಾವುದೋ ಕತೆ ನಡುವೆಯೇ ಹರಿದುಹೋಗಿತ್ತು. “ಯಣ್ಣಾ, ಉಳಿದರ್ಧ ಅಂಗಡ್ಯಾಗ ಇರತೈತಿ, ಹೋಗಿ ತಗೊಂಡ ಬಾ” ಎಂದು ನನ್ನನ್ನು ಅಟ್ಟಿದಳು. ಅಂಗಡಿಯವ ಅದರಲ್ಲಿ ದುರಗವ್ವನಿಗೆ ಮೆಣಸಿನಕಾಯಿ ಕಟ್ಟಿಕೊಟ್ಟಾಗಿತ್ತು. ದುರಗವ್ವನ ಮನೆಗೂ ಹೋಗಿ, ಮೆಣಸಿನಕಾಯಿ ಸುರುವಿಸಿ, ಸೀನುತ್ತ ಸೀನುತ್ತ ಪೇಪರು ತಂದೆ. ತರದಿದ್ದರೆ ಅವಳು ನನಗೆ ಊಟಕ್ಕೆ ಬಡಿಸುತ್ತಿರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ನಾನು ಎರಡು ಸಲ ನಪಾಸಾಗಿ ದಾರಿ ಕಾದದ್ದರಿಂದ ಅವಳು ನನ್ನನ್ನು ಕೂಡಿಕೊಂಡಳು. ಎಪ್ಪತ್ತೊಂದರಲ್ಲಿ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಕೂತೆವು. ಅವಳು ಫಸ್ಟ್ ಕ್ಲಾಸು. ನಾನು ಅಂತೂ ಇಂತೂ ಪಾಸು. ಮುಂದೆ ಕಾಲೇಜಿಗೆ ಯಾರು ಎಂಬ ಮಾತು ಬಂದಾಗ ಅಪ್ಪ ಈರಪ್ಪ ಬಹಳ ಹೊತ್ತು ಯೋಚಿಸಲಿಲ್ಲ. “ಹುಬ್ಬಳ್ಳ್ಯಾಗ ಹೆಣ್ಣುಹುಡಿಗಿ ಎಲ್ಲಿ ಇರ್ತಾಳ? ಮಡಿವಾಳೆಪ್ಪ ಹೋಗಲಿ. ಅವ ಎಲ್ಲಿ ಬಿದ್ರೂ ಏಳತಾನ” ಎಂದ. ನಾನು ಬೀಳುವುದರಲ್ಲಿ ಅಪ್ಪನಿಗಿದ್ದ ನಂಬಿಕೆ ದೊಡ್ಡದು. ನೀಲಕ್ಕ ಅಳಲಿಲ್ಲ, ಜಗಳವಾಡಲಿಲ್ಲ. ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಅವತ್ತು ರೊಟ್ಟಿಯ ಸಪ್ಪಳ ಊರ ಅಗಸಿಬಾಗಿಲ ತನಕ ಕೇಳಿಸಿತು.

ಹುಬ್ಬಳ್ಳಿಯಲ್ಲಿ ನಾನು ಸೇರಿದ ಕಾಲೇಜಿನ ಹೆಸರು ಹೇಳುವುದಿಲ್ಲ. ಅದರ ತಪ್ಪೇನೂ ಇಲ್ಲ. ಒಂದು ಖೋಲಿ ಹಿಡಿದು ಇದ್ದೆ. ಊಟ ಮಾತ್ರ ಊರಿನದು. ನಮ್ಮ ಕಡೆಯ ಹುಡುಗರೆಲ್ಲ ಹೀಗೇ ಓದಿದವರು: ಹಳ್ಳಿಯಲ್ಲಿ ಅವ್ವ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ, ಗುರೆಳ್ಳ ಹಿಂಡಿಯೆಂಬ ಚಟ್ನಿಪುಡಿ, ಮೊಸರು ಎಲ್ಲ ಡಬ್ಬಿಗೆ ತುಂಬಿ, ಅರಿವೆಯಲ್ಲಿ ಗಂಟು ಕಟ್ಟಿ ಮೊದಲ ಬಸ್ಸಿಗೆ ಹಾಕುತ್ತಾಳೆ. ಅದು ಬುತ್ತಿ. ಮಗ ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಇಳಿಸಿಕೊಂಡು ನಿನ್ನೆಯ ಖಾಲಿ ಡಬ್ಬಿ ಹತ್ತಿಸುತ್ತಾನೆ. ನಮ್ಮ ಬಸ್ಸಿನ ಕಂಡಕ್ಟರ್ ಇಸ್ಮಾಯಿಲಸಾಬರು. ಹದಿನಾರು ಹಳ್ಳಿ ಹುಡುಗರ ಬುತ್ತಿ ಅವರ ಸೀಟಿನ ಹಿಂದೆ ಸಾಲಾಗಿ ಕೂತಿರುತ್ತಿದ್ದವು. ಮೂಸಿ ನೋಡಿಯೇ ಯಾವುದು ಯಾರ ಮನೆಯದು ಎಂದು ಹೇಳುತ್ತಿದ್ದರು. “ತಗೋ ತಮ್ಮಾ, ಇವತ್ತ ನಿಮ್ಮವ್ವ ಬಳ್ಳೊಳ್ಳಿ ಜಾಸ್ತಿ ಹಾಕ್ಯಾಳ” ಎಂದು ಕೊಡುವರು.

ಪಿಯುಸಿ ಹೇಗೋ ದಾಟಿದೆ. ಬಿ.ಎ.ಗೆ ಬಂದ ಮೇಲೆ ಸಿಕ್ಕವರು ಕನ್ನಡದ ಹೆಬಸೂರ ಸರ್. ವಾರಕ್ಕೊಂದು ನಿಬಂಧ ಬರೆದು ಒಪ್ಪಿಸಬೇಕು, ಅದರ ಮಾರ್ಕು ವರ್ಷದ ಮಾರ್ಕಿಗೆ ಕೂಡುತ್ತದೆ ಎಂದರು. ಮೊದಲ ವಿಷಯ ‘ನಮ್ಮ ಹಳ್ಳಿಯ ಸುಗ್ಗಿ’. ಎರಡು ದಿನ ಪೆನ್ನು ಹಿಡಿದು ಕೂತು ‘ನಮ್ಮ ಹಳ್ಳಿಯಲ್ಲಿ ಸುಗ್ಗಿ ಇರುತ್ತದೆ’ ಎಂದು ಬರೆದೆ. ಅದರ ಮುಂದೆ ಏನೂ ಹೊಳೆಯಲಿಲ್ಲ. ಮೂರನೆಯ ದಿನ ಖಾಲಿ ಡಬ್ಬಿಯೊಳಗೆ ಒಂದು ಚೀಟಿ ಇಟ್ಟೆ: “ನೀಲಕ್ಕ, ಈ ವಿಷಯದ ಮ್ಯಾಲೆ ಎರಡು ಪುಟ ಬರದು ಕಳಸು. ನೋಡಿಕೊಂಡು ನಾನ ಬರಿತೀನಿ. ಸಹಾಯ ಅಷ್ಟ.”

ಮರುದಿನದ ಬುತ್ತಿಯಲ್ಲಿ ಎರಡು ರೊಟ್ಟಿ, ಅದರ ಮೇಲೆ ನಿಬಂಧ, ನಿಬಂಧದ ಮೇಲೆ ಮತ್ತೆ ಎರಡು ರೊಟ್ಟಿ. ಹಾಳೆ ಇನ್ನೂ ಬೆಚ್ಚಗಿತ್ತು. ದುಂಡಗಿನ, ಸಾಲು ತಪ್ಪದ ಅಕ್ಷರ. ನೋಡಿಕೊಂಡು ಬರೆಯುವವನಿದ್ದೆ, ದೇವರಾಣೆ. ಆದರೆ ಅವತ್ತು ಬದನೆಕಾಯಿ ಪಲ್ಯ ಚೆನ್ನಾಗಿತ್ತು. ಉಂಡು ಮಲಗಿದವನಿಗೆ ಎಚ್ಚರವಾದಾಗ ಕ್ಲಾಸಿಗೆ ಹತ್ತು ನಿಮಿಷವಿತ್ತು. ಅವಳ ಹಾಳೆಯ ಮೇಲೆಯೇ ನನ್ನ ಹೆಸರು ಬರೆದು ಕೊಟ್ಟುಬಿಟ್ಟೆ. ಹೆಬಸೂರ ಸರ್ ಅದನ್ನು ಇಡೀ ಕ್ಲಾಸಿಗೆ ಓದಿದರು. “ನೋಡ್ರೋ, ಹಳ್ಳಿ ವಾಸನಿ ಅಗದಿ ಖರೇನ ಬರಾಕತ್ತೈತಿ” ಎಂದರು. ಅದು ಗುರೆಳ್ಳ ಹಿಂಡಿಯ ವಾಸನೆ. ನಾನು ತಲೆ ತಗ್ಗಿಸಿ ಕೂತೆ. ವಿನಯ ಎಂದುಕೊಂಡರು.

ಅಲ್ಲಿಂದ ಅದು ಚಟವಾಯಿತು. ಸೋಮವಾರ ಖಾಲಿ ಡಬ್ಬಿಯಲ್ಲಿ ವಿಷಯ ಹೋಗುವುದು, ಗುರುವಾರ ರೊಟ್ಟಿಯ ನಡುವೆ ನಿಬಂಧ ಬರುವುದು. ಅಲ್ಲೊಂದು ಇಲ್ಲೊಂದು ಎಣ್ಣೆಯ ಕಲೆ ಇದ್ದರೆ “ದೀಪದ ಎಣ್ಣೀರಿ ಸರ್, ರಾತ್ರಿ ಓದತಿರ್ತೀನಿ” ಎನ್ನುತ್ತಿದ್ದೆ. ಎಂಥ ಮಗ ನಾನು! ಅವಳ ನಿಬಂಧ ಕೊಡುವ ಮೊದಲು ಓದುವ ಕಷ್ಟವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ತಕ್ಕ ಶಾಸ್ತಿ ಒಮ್ಮೆ ಆಯಿತು. ವಿಷಯ ‘ದುಡಿಮೆ’. ನೀಲಕ್ಕ ಹತ್ತಿ ಬಿಡಿಸುವುದರ ಮೇಲೆ ಬರೆದಿದ್ದಳು. ಸರ್ ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು: “ನಾನು ಉಡಿ ಕಟ್ಟಿಕೊಂಡು ಸಾಲು ಹಿಡಿದರೆ ಹೊತ್ತೇರುವುದರೊಳಗೆ ಉಡಿ ತುಂಬಿ ನಡು ಭಾರವಾಗುತ್ತದೆ. ಕಾಯಿಯ ಚುಂಚು ಉಗುರಿನ ಸಂದಿಯಲ್ಲಿ ಚುಚ್ಚುತ್ತದೆ...” ಅಲ್ಲಿಗೆ ನಿಲ್ಲಿಸಿ ನನ್ನತ್ತ ನೋಡಿದರು.

“ಏನೋ, ಉಡಿ ನೀನ ಕಟಗೋತೀಯೇನು?”

ಉಡಿ ಎಂದರೆ ಹೆಂಗಸರು ಸೀರೆಯನ್ನು ಹೊಟ್ಟೆಯ ಮುಂದೆ ಜೋಳಿಗೆಯ ಹಾಗೆ ಕಟ್ಟಿಕೊಳ್ಳುವುದು. ನಮ್ಮ ಸೀಮೆಯಲ್ಲಿ ಯಾವ ಗಂಡಸೂ ಅದನ್ನು ಕಟ್ಟಿದ್ದಿಲ್ಲ. “ಹೌದ್ರಿ ಸರ್” ಎಂದೆ. “ನಮ್ಮೂರಾಗ ಗಂಡಸರೂ ಕಟಗೋತಾರ್ರಿ.” ಸರ್ ತಮ್ಮ ಹೆಗಲ ಮೇಲಿನ ಶಾಲು ಕೊಟ್ಟು, “ಹಂಗಾರ ಕಟ್ಟಿ ತೋರ್ಸು” ಎಂದರು. ನಾನು ಅದನ್ನು ಸೊಂಟಕ್ಕೆ ಸುತ್ತಿ, ಬಿಚ್ಚಿ, ಕೊರಳಿಗೆ ಹಾಕಿ, ಮತ್ತೆ ಸುತ್ತಿ, ಕೊನೆಗೆ ನನ್ನ ಎರಡೂ ಕೈ ಒಳಗೆ ಸಿಕ್ಕಿಹಾಕಿಕೊಂಡು ನಿಂತೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವತ್ತಿನಿಂದ ನಾನು ‘ಉಡಿ ಮಡಿವಾಳೆಪ್ಪ’. ಹೆಬಸೂರ ಸರ್ ಮಾತ್ರ, “ನಾಚಿಕೊಂಡಾನ ಪಾಪ” ಎಂದು ಹತ್ತಕ್ಕೆ ಒಂಬತ್ತು ಕೊಟ್ಟರು. ಒಳ್ಳೆಯ ಮನುಷ್ಯರಿಗೆ ಮೋಸ ಮಾಡುವುದು ಇಷ್ಟು ಸುಲಭವಾಗಬಾರದು.

ಇನ್ನೊಂದು ಸಂಕಟ ಪರೀಕ್ಷೆಯಲ್ಲಿ. ಉತ್ತರಪತ್ರಿಕೆಯಲ್ಲಿ ಬೇರೆ ಅಕ್ಷರ ಕಂಡರೆ ಸಿಕ್ಕಿಬೀಳುತ್ತೇನಲ್ಲ! ಅದಕ್ಕೆ ದಿನಾ ಸಂಜೆ ನೀಲಕ್ಕನ ಹಳೆಯ ನಿಬಂಧಗಳನ್ನು ಹರವಿಕೊಂಡು ಅವಳ ಅಕ್ಷರ ಕಲಿಯತೊಡಗಿದೆ. ‘ಕ’ದ ಹೊಟ್ಟೆ, ‘ಳ’ದ ಬಾಲ, ಎಲ್ಲ ತಿದ್ದಿ ತಿದ್ದಿ ಬೆರಳು ನೋಯುತ್ತಿದ್ದವು. ಆ ಅಕ್ಷರ ಕಲಿಯಲು ಪಟ್ಟ ಕಷ್ಟದ ಅರ್ಧ ಪಟ್ಟಿದ್ದರೆ ಪಾಠವೇ ಬರುತ್ತಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ಇಷ್ಟೆಲ್ಲ ಯಾಕೆ? ಎರಡು ವರ್ಷದಲ್ಲಿ ನನ್ನ ಸ್ವಂತ ಅಕ್ಷರ ಹೇಗಿತ್ತು ಎಂಬುದೇ ಮರೆತುಹೋಯಿತು.

ನೀಲಕ್ಕ ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಮಾರ್ಕು ಎಷ್ಟು ಬಂತು ಎಂದಷ್ಟೇ ಚೀಟಿ ಬರೆಯುತ್ತಿದ್ದಳು. ಎಂಟು ಬಂದರೆ ಅವತ್ತು ಪಲ್ಯಕ್ಕೆ ಉಪ್ಪು ಸರಿಯಿರುತ್ತಿತ್ತು. ಆರು ಬಂದರೆ ಇರುತ್ತಿರಲಿಲ್ಲ. ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಮೊದಲ ಸಲ ಒಂದು ಕೆಲಸ ಹೇಳಿದಳು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಪಿಯುಸಿ ಪರೀಕ್ಷೆಗೆ ಕೂಡಬಹುದು ಎಂದು ಅವಳು ಯಾವುದೋ ಪೇಪರಿನಲ್ಲಿ ಓದಿದ್ದಳು. ಬಹುಶಃ ಸಕ್ಕರೆ ಕಟ್ಟಿದ ಪೇಪರು. ಅಪ್ಪನ ಬೆನ್ನು ಹತ್ತಿ ಹತ್ತಿ ಒಪ್ಪಿಸಿದ್ದಳು. ಅಪ್ಪ, “ಈ ವರ್ಷ ಒಂದ ಸಲ. ಆತು, ಆತು. ಇಲ್ಲಂದ್ರ ಮತ್ತ ಈ ಮಾತ ಎತ್ತಬಾರದು” ಎಂದಿದ್ದ. ನನ್ನಿಂದ ಫಾರಂ ತರಿಸಿಕೊಂಡು ತುಂಬಿ, ತಾನು ಏನೇನು ಓದಿದ್ದೇನೆ ಎಂದು ಎರಡು ಪುಟ ಬರೆದು, ಬುತ್ತಿಯಲ್ಲಿ ಕಳಿಸಿದಳು. ಅದಕ್ಕೆ ಒಬ್ಬ ಕಾಲೇಜು ಅಧ್ಯಾಪಕರ ಶಿಫಾರಸಿನ ಸಹಿ ಬೇಕು. ಶನಿವಾರ ಸಂಜೆ ಐದರೊಳಗೆ ಆಫೀಸಿಗೆ ಮುಟ್ಟಬೇಕು. “ಯಣ್ಣಾ, ಹೆಬಸೂರ ಸರ್ ನಿನ್ನ ಮ್ಯಾಲೆ ಬಾಳ ಪ್ರೀತಿ ಮಾಡ್ತಾರಲ್ಲ, ಅವರದ ಸಹಿ ತಗೋ” ಎಂದು ಚೀಟಿ.

ಮಂಗಳವಾರ ಸರ್ ಮುಂದೆ ಫಾರಂ ಇಟ್ಟೆ. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು.

“ಇದು ನಿನ್ನ ಅಕ್ಷರ.”

“ಅಲ್ರಿ ಸರ್, ನಮ್ಮ ತಂಗಿದ್ರಿ.”

“ನಂಗೇನ ಕಣ್ಣಿಲ್ಲೇನೋ? ಎರಡು ವರ್ಷ ಆತು ಈ ಅಕ್ಷರ ಓದಾಕತ್ತು. ನಿದ್ದಿಗಣ್ಣಾಗ ತೋರ್ಸಿದ್ರೂ ಗುರುತ ಹಿಡಿತೀನಿ. ತನ್ನ ಅರ್ಜಿ ತಾನ ಬರಿಯಾಕ ಬರಲಾರದ ಹುಡಿಗಿ ಪರೀಕ್ಷಾ ಹ್ಯಾಂಗ ಬರಿತಾಳ? ಅಲ್ಲೂ ಅಕಿ ಸೀರಿ ಉಟಗೊಂಡು ನೀನ ಹೋಗಿ ಕುಂದ್ರಾಂವೇನು?”

ಆಗ ಬಾಯಿ ಬಿಡಬೇಕಾಗಿತ್ತು. ‘ಸರ್, ಇದು ಅವಳ ಅಕ್ಷರವೇ, ಎರಡು ವರ್ಷ ನೀವು ಓದಿದ್ದೂ ಅವಳದೇ’ ಎಂದರೆ ಮುಗಿಯುತ್ತಿತ್ತು. ನನ್ನ ನಾಲಿಗೆಗೆ ಏನಾಗಿತ್ತು? ಏನೂ ಆಗಿರಲಿಲ್ಲ. ಅರ್ಧ ಗಂಟೆ ಹಿಂದೆ ಅದೇ ನಾಲಿಗೆ ಗಿರಮಿಟ್ಟು ತಿಂದಿತ್ತು. ಹೇಳಿದರೆ ಕಾಲೇಜಿನಿಂದ ಹೊರಗೆ ಹಾಕುತ್ತಾರೆ ಎಂಬ ಭಯ. ಇನ್ನೊಂದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಅವಳು ತನ್ನ ಪರೀಕ್ಷೆಗೆ ಓದುತ್ತ ಕೂತರೆ ನನ್ನ ನಿಬಂಧ ಬರೆಯುವವರು ಯಾರು? ಅಷ್ಟು ಕೆಟ್ಟ ಬುದ್ಧಿ ನನ್ನದು. “ತಪ್ಪಾತ್ರಿ ಸರ್” ಎಂದು ಫಾರಂ ತೆಗೆದುಕೊಂಡು ಬಂದು ಟ್ರಂಕಿನ ತಳದಲ್ಲಿ ಇಟ್ಟೆ.

ಬುಧವಾರ ಬುತ್ತಿಯಲ್ಲಿ ಎಣ್ಣೆಗಾಯಿ. ಚೀಟಿ: “ಸಹಿ ಆತೇನು?” ಖಾಲಿ ಡಬ್ಬಿಯಲ್ಲಿ ಬರೆದು ಕಳಿಸಿದೆ: “ಸರ್ ರಜಾ ಅದಾರ.” ಗುರುವಾರ ಶೇಂಗಾ ಹೋಳಿಗೆ. “ಇವತ್ತರ ಬಂದ್ರೇನು?” ನಾನು: “ಇನ್ನೂ ರಜಾ.” ಶುಕ್ರವಾರ ಡಬ್ಬಿ ತೆಗೆದರೆ ಎಣ್ಣೆಗಾಯಿ, ಹೋಳಿಗೆ, ಕಟ್ಟಿನ ಸಾರು, ಹಪ್ಪಳ. ಅರಿವೆ ಗಂಟು ಮದುವೆ ಮನೆಯಿಂದ ಬಂದ ಹಾಗಿತ್ತು. ತಂಗಿಯ ಕೈಯ ಆ ಅಡಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು. ಎಲ್ಲ ಇಳಿಯಿತು. ಉಂಡ ಮೇಲೆ ಮಾತ್ರ ಟ್ರಂಕಿನ ಮೇಲೆ ಕೂತರೆ ಫಾರಂ ಚುಚ್ಚುವುದು ಎನಿಸಿ ನೆಲದ ಮೇಲೆ ಕೂತೆ. ಅವತ್ತೂ ಬರೆದೆ: “ಸರ್ ಇನ್ನೂ ಬಂದಿಲ್ಲ. ಮುಂದಿನ ವರ್ಷ ನೋಡೂಣು.”

ಶನಿವಾರ ಬಸ್‌ಸ್ಟ್ಯಾಂಡಿಗೆ ಹೋದೆ. ಇಸ್ಮಾಯಿಲಸಾಬರು ಎಲ್ಲರ ಬುತ್ತಿ ಹಂಚಿದರು. ನನ್ನದಿಲ್ಲ.

“ಇಸ್ಮಾಯಿಲ ಕಾಕಾ, ನನ್ನ ಬುತ್ತಿ?”

“ನಿಂದಾ? ನಿನ್ನ ಬುತ್ತಿ ತಾನ ಟಿಕೀಟ ತಗಿಸಿ ಕುಂತ ಬಂದೈತಿ ನೋಡು” ಎಂದು ಹಿಂದೆ ಕೈ ತೋರಿಸಿದರು.

ನೀಲಕ್ಕ ಮಡಿಲಲ್ಲಿ ಗಂಟು ಇಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದಳು. ಇಳಕಲ್ಲ ಸೀರೆ, ತಲೆಯ ಮೇಲೆ ಸೆರಗು, ಮುಖದಲ್ಲಿ ಅಜ್ಜಿಯ ದರಬಾರು.

“ಯವ್ವಗ ಹೇಳಿ ಬಂದೀನಿ, ಬುತ್ತಿ ಮುಟ್ಟಿಸಿ ಬರ್ತೀನಂತ. ಇವತ್ತ ಕಡೀ ದಿನ. ಸರ್ ರಜಾ ಇದ್ರ ಇರಲಿ, ಅವರಿಗೆ ಮನಿ ಅಂತೂ ಇರಬೇಕಲ್ಲ. ಮನಿಗೇ ಹೋಗೂಣು ನಡಿ” ಎಂದಳು.

“ಲೇ ನೀಲಕ್ಕ, ಅವರಿಗೆ ಮೈಯಾಗ ಹುಷಾರಿಲ್ಲ...”

“ಬಲಗೈಗೆ ಏನೂ ಆಗಿಲ್ಲಲ್ಲ?”

ದಾರಿಯುದ್ದಕ್ಕೂ ಸರ್ ಮನೆಗೆ ಬೀಗ ಬಿದ್ದಿರಲಿ ಎಂದು ಗೊತ್ತಿದ್ದ ದೇವರಿಗೆಲ್ಲ ಬೇಡಿಕೊಂಡೆ. ಸರ್ ಬನಿಯನ್ನಿನಲ್ಲಿ ಅಂಗಳದಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಹುಲಿಯ ಹಾಗೆ ಆರೋಗ್ಯವಾಗಿದ್ದರು. ನೀಲಕ್ಕ ನಮಸ್ಕಾರ ಮಾಡಿ, ನನ್ನ ಖೋಲಿಯಿಂದ ಹುಡುಕಿಸಿ ತಂದಿದ್ದ ಫಾರಂ ಮುಂದೆ ಹಿಡಿದಳು. ಸರ್ ಅದನ್ನು ನೋಡಿ ನನ್ನತ್ತ ಕಣ್ಣು ಕೆಕ್ಕರಿಸಿದರು.

“ಮಂಗಳವಾರನ ಆಗಂಗಿಲ್ಲಂತ ಹೇಳಿ ಕಳಿಸಿನಲ್ಲೋ, ಈಗ ತಂಗೀನ್ನ ಕರಕೊಂಡ ಬಂದೀಯೇನು?” ಆಮೇಲೆ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. “ನೋಡ ತಂಗೀ, ಓದಬೇಕಂತೀ, ಚಲೋ ಮಾತು. ಆದ್ರ ಅಣ್ಣನ ಕಡಿಂದ ಬರಿಸಿಕೊಂಡು ಬಂದು ನಂದ ಅಂದ್ರ ಹ್ಯಾಂಗವಾ? ನಾಚಿಕಿ ಬರಬೇಕಲ್ಲ?”

ನೀಲಕ್ಕನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಮಂಗಳವಾರ, ರಜೆ, ಟ್ರಂಕು, ಅಕ್ಷರ, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ನನ್ನ ಮುಖ ನೋಡಿದಳು. ನಾನು ಸೈಕಲ್ಲಿನ ಚೈನು ನೋಡಿದೆ. ಈಗ ಒಂದು ಮಾತು ಆಡಿದರೆ ನಾನು ಮುಗಿದೆ ಎಂದುಕೊಂಡೆ. ಅವಳು ಫಾರಂ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು.

“ತಪ್ಪಾತ್ರಿ ಸರ್. ಅಣ್ಣಂದೇನಿಲ್ರಿ, ನಾನ ಬರಿ ಅಂದಿದ್ನಿ. ಅವನ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ” ಎಂದಳು. ಆಮೇಲೆ ನನಗೆ, “ನಡಿ ಯಣ್ಣಾ. ನೀ ಉಣ್ಣೂದು ಹೊತ್ತಾತು.”

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತನ್ನ ಪರೀಕ್ಷೆಯನ್ನು ಮಡಚಿ ಬುತ್ತಿಯ ಗಂಟಿನೊಳಗೆ ತುರುಕಿ ನನ್ನ ಊಟದ ಹೊತ್ತಿನ ಮಾತಾಡಿದಳಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ. ನನಗೆ ಅಳು ಬಂತು, ಅಳುವಿನ ಜತೆ ಒದರಾಟ.

“ಸರ್, ನಾ ಕಳ್ಳ ಅದೀನ್ರಿ!”

ಒಳಗಿಂದ ಸರ್ ಹೆಂಡತಿ ಸಾವಿತ್ರೆವ್ವ ಲಟ್ಟಣಿಗೆ ಹಿಡಿದು ಓಡಿ ಬಂದರು. “ಎಲ್ಲದಾನ ಕಳ್ಳ?”

“ನಾನ್ರಿ ಅಕ್ಕಾರ! ಸರ್, ಎರಡು ವರ್ಷ ನಿಮಗ ಕೊಟ್ಟ ನಿಬಂಧ ಒಂದೂ ನಾ ಬರದದ್ದಲ್ರಿ. ಎಲ್ಲಾ ಈಕೀನ ಬರದು ಬುತ್ಯಾಗ ಕಳಿಸಿದ್ದು. ಈ ಅಕ್ಷರ ಈಕೀದ. ನಾ ಕಲತ ಕದ್ದೀನ್ರಿ!”

ಹೆಬಸೂರ ಸರ್ ಎದ್ದು ಬಂದು, ಎಣ್ಣೆಗೈಯಲ್ಲೇ ನನ್ನ ಬೆನ್ನು ತಟ್ಟಿದರು. ಅವರ ಕಣ್ಣಲ್ಲಿ ನೀರು. “ನೋಡಿದೇನ ಸಾವಿತ್ರೀ? ತಂಗಿ ಸಲುವಾಗಿ ತನ್ನ ಮ್ಯಾಲೆ ಸುಳ್ಳ ಸುಳ್ಳ ತಪ್ಪು ಎಳಕೋತಾನ. ಎಂಥಾ ದೊಡ್ಡ ಮನಸು!”

ಹುಟ್ಟಿದಾಗಿನಿಂದ ಒಂದು ಸಲ ಖರೆ ಹೇಳಿದೆ, ಅದನ್ನೂ ನಂಬಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ದೊಡ್ಡ ಮನಸೂ ಇಲ್ಲ ಸಣ್ಣ ಮನಸೂ ಇಲ್ರಿ! ಪರೀಕ್ಷಾ ಮಾಡ್ರಿ. ಇಬ್ಬರಿಗೂ ಇಲ್ಲೇ ಬರಿಯಾಕ ಹಚ್ಚರಿ” ಎಂದು ಕೂಗಿದೆ. ನನಗೆ ತಿಳಿದ ಮಟ್ಟಿಗೆ, ತನ್ನನ್ನು ನಪಾಸು ಮಾಡಿ ಎಂದು ಜಗಳಕ್ಕೆ ನಿಂತ ವಿದ್ಯಾರ್ಥಿ ಆ ಕಾಲೇಜಿನಲ್ಲಿ ನಾನೊಬ್ಬನೇ.

ವಿಷಯ ಯಾವುದು ಎಂದು ಸರ್ ಯೋಚಿಸುತ್ತಿರುವಾಗ ಸಾವಿತ್ರೆವ್ವ, “ರೊಟ್ಟಿ ಮ್ಯಾಲೆ ಬರೀಲಿ” ಎಂದರು. ಹದಿನೈದು ನಿಮಿಷ. ನಾವು ಪಡಸಾಲೆಯ ಎರಡು ಮೂಲೆಯಲ್ಲಿ ಕೂತೆವು. ನಾನು ಬರೆದೆ: ‘ರೊಟ್ಟಿ ದುಂಡಗಿರುತ್ತದೆ. ಅದನ್ನು ಜೋಳದಿಂದ ಮಾಡುತ್ತಾರೆ. ರೊಟ್ಟಿಯು ಮನುಷ್ಯನಿಗೆ ಬಹಳ ಮುಖ್ಯವಾದುದು.’ ಉಳಿದ ಹದಿಮೂರು ನಿಮಿಷ ಪೆನ್ನಿನ ಟೋಪಿ ಕಚ್ಚಿದೆ. ನೀಲಕ್ಕ ತಲೆ ಎತ್ತದೆ ಎರಡೂ ಬದಿ ತುಂಬಿಸಿದಳು.

ಸರ್ ಎರಡು ಹಾಳೆ ಬಾಜು ಬಾಜು ಇಟ್ಟರು. ಒಂದೇ ಅಕ್ಷರ. ನನ್ನ ಮೂರು ಸಾಲು ಓದಿ ಬದಿಗೆ ಸರಿಸಿದರು. ಅವಳದನ್ನು ಗಟ್ಟಿಯಾಗಿ ಓದತೊಡಗಿದರು. ಹಿಟ್ಟಿಗೆ ಎಸರು ಹಾಕುವುದು, ನಾದುವುದು, ಅಂಗೈಯಲ್ಲಿ ತಿರುಗಿಸಿ ಬಡಿಯುವುದು. ಒಂದು ಕಡೆ ಅವರ ದನಿ ನಿಧಾನವಾಯಿತು: “ನನ್ನನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದ ದಿನ ಬಡಿದಷ್ಟು ತೆಳ್ಳಗಿನ ರೊಟ್ಟಿ ನಾನು ಮತ್ತೆಂದೂ ಬಡಿದಿಲ್ಲ. ಅವತ್ತು ಚೆನ್ನಾಗಿವೆ ಎಂದು ಅಣ್ಣ ಎರಡು ಹೆಚ್ಚಿಗೆ ತಿಂದ.”

ತಿಂದಿದ್ದೆ. ಅದು ನನಗೆ ನೆನಪೇ ಇರಲಿಲ್ಲ. ಅವಳಿಗೆ ಇತ್ತು.

ಸರ್ ಹಾಳೆ ಕೆಳಗಿಟ್ಟರು. ಆಮೇಲೆ, “ತಂಗೀ, ಉಡಿ ಕಟ್ಟಿ ತೋರ್ಸವಾ” ಎಂದರು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಎದ್ದು, ಕಣ್ಣು ಮಿಟುಕಿಸುವುದರೊಳಗೆ ಸೆರಗು ತಿರುವಿ ಕಟ್ಟಿ ನಿಂತಳು. ಸರ್ ಹಣೆ ಬಡಿದುಕೊಂಡರು. “ಅವತ್ತ ತಿಳೀಬೇಕಿತ್ತು ನಂಗ. ನಾ ಎಂಥಾ ಮಾಸ್ತರ!” ಕೈ ತೊಳೆದುಕೊಂಡು ಬಂದು ಫಾರಂ ಮೇಲೆ ಸಹಿ ಹಾಕಿದರು. ಐದರ ಗಡುವಿಗೆ ಮೊದಲೇ ತಾವೇ ಆಫೀಸಿನಲ್ಲಿ ಕೊಟ್ಟು ಬಂದರು, ಆ ಸೈಕಲ್ಲಿನ ಮೇಲೆಯೇ.

ನನ್ನ ಲೆಕ್ಕ ಸೋಮವಾರ ತೀರಿತು. “ಪ್ರಿನ್ಸಿಪಾಲರಿಗೆ ಹೇಳಿದ್ರ ನಿನ್ನ ತಗದ ಹಾಕ್ತಾರ. ತಗದ ಹಾಕಿದ್ರ ಊರಿಗೆ ಹೋಗಿ ಆರಾಮ ತಂಗಿ ಕೈಯಾಗಿನ ರೊಟ್ಟಿ ತಿಂತಿ. ಅದಾಗಂಗಿಲ್ಲ” ಎಂದರು ಸರ್. ಎರಡು ವರ್ಷದ ನಿಬಂಧದ ಮಾರ್ಕೆಲ್ಲ ಹೊಡೆದು ಹಾಕಿದರು. ಅಷ್ಟೂ ನಿಬಂಧಗಳನ್ನು ನಾನೇ, ನನ್ನ ಸ್ವಂತ ಅಕ್ಷರದಲ್ಲಿ ಬರೆದುಕೊಡಬೇಕು. ನನಗೆ ಸ್ವಂತ ಅಕ್ಷರ ಎಲ್ಲಿತ್ತು? ಬರೆಯಲು ಕೂತರೆ ಕೈ ತಾನಾಗಿ ನೀಲಕ್ಕನ ‘ಕ’ ಬರೆಯುತ್ತಿತ್ತು. ಎಡಗೈಯಲ್ಲಿ ಬರೆದು ನೋಡಿದೆ. ಕೊನೆಗೆ ಊರಿನಿಂದ ನನ್ನ ಆರನೆಯ ಇಯತ್ತೆಯ ನೋಟುಬುಕ್ಕು ತರಿಸಿ, ಮಳೆಯಲ್ಲಿ ಕರಿಮಣ್ಣಿನ ಮೇಲೆ ಕೋಳಿ ನಡೆದಂತಿದ್ದ ಆ ಅಕ್ಷರವನ್ನು ಮತ್ತೆ ಕಲಿತೆ. ಆ ವರ್ಷ ನಪಾಸಾದೆ. ಅಪ್ಪನ ನಂಬಿಕೆ ಹುಸಿಯಾಗಲಿಲ್ಲ. ಮುಂದೆ ಕಚೇರಿಯಲ್ಲಿ ಆ ಕೋಳಿಹೆಜ್ಜೆ ನಡೆಯಲಿಲ್ಲ, ಅರ್ಜಿಗಳಿಗೆ ಮತ್ತೆ ಅವಳ ಅಕ್ಷರವನ್ನೇ ಹಿಡಿದೆ.

ನೀಲಕ್ಕ ಪಾಸಾದಳು, ಆಮೇಲೆ ತರಬೇತಿ ಮುಗಿಸಿದಳು. ಈಗ ಸಂಶಿಯ ಒಂದು ಶಾಲೆಯಲ್ಲಿ ಅಕ್ಕೋರು. ಅಂಗಡಿಯಿಂದ ಸಾಮಾನು ತಂದರೆ ಈಗಲೂ ಕಟ್ಟಿದ ಪೇಪರು ಓದುತ್ತಾಳೆ. ಹರಿದ ಅರ್ಧ ತರಲು ಈಗ ಗಂಡನನ್ನು ಅಟ್ಟುತ್ತಾಳಂತೆ. ನನ್ನ ಬಗ್ಗೆ ಅವಳು ಊರಲ್ಲಿ ಯಾರಿಗೂ ಒಂದು ಮಾತು ಹೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಅದರಿಂದಲೇ ನನಗೆ ಸಂಕಟ. ಆ ದಿನಗಳಲ್ಲಿ ಅವಳ ಮುಂದೆ ‘ತಪ್ಪಾಯಿತು’ ಎನ್ನಬೇಕೆಂದು ಬಾಯಿ ತೆಗೆದಾಗಲೆಲ್ಲ “ಏನ ಬೇಕು, ಮಜ್ಜಿಗಿ?” ಎನ್ನುತ್ತಿದ್ದಳು. ನಾನು ಮಜ್ಜಿಗೆ ಕುಡಿದು ಬರುತ್ತಿದ್ದೆ.

ಆದ್ದರಿಂದ ಅವಳ ಪರೀಕ್ಷೆಯ ಮೊದಲ ದಿನ ಒಂದು ಕೆಲಸ ಮಾಡಿದ್ದೆ. ಅದು ಎಪ್ಪತ್ತೈದರ ಬೇಸಿಗೆ. ಅವಳು ಸಾವಿತ್ರೆವ್ವನ ಮನೆಯಲ್ಲಿ ಉಳಿದು ಹುಬ್ಬಳ್ಳಿಯಲ್ಲೇ ಪರೀಕ್ಷೆ ಬರೆಯುತ್ತಿದ್ದಳು. ಊರಿನಿಂದ ಅವ್ವ ಇಬ್ಬರಿಗೂ ಬುತ್ತಿ ಕಳಿಸುವಳು. ಅವಳದನ್ನು ಮಧ್ಯಾಹ್ನದ ಬಿಡುವಿನಲ್ಲಿ ಮುಟ್ಟಿಸುವ ಕೆಲಸ ನನ್ನದು. ರೊಟ್ಟಿಯ ನಡುವೆ ನಾನೂ ಒಂದು ಚೀಟಿ ಇಟ್ಟೆ. ಗೇಟಿನಲ್ಲಿ ನಿಂತಿದ್ದ ಮೇಲ್ವಿಚಾರಕರು ಬುತ್ತಿ ಬಿಚ್ಚಿಸಿ ನೋಡಿದರು. ಚೀಟಿ ಸಿಕ್ಕಿತು. “ಹಾಂ! ಕಾಪಿ ಚೀಟಿ ಒಯ್ಯಾಕತ್ತೀಯೇನಲೇ!” ಎಂದು ಬಿಡಿಸಿ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕನ್ನಡಕ ತೆಗೆದು ನೋಡಿದರು. “ಯಾವ ಭಾಷಾನೋ ಇದು?” ಎಂದು ಬೇಸತ್ತು, ಇದರಿಂದ ಕಾಪಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ ಎಂದು ತಿರುಗಿ ರೊಟ್ಟಿಯಲ್ಲೇ ಇಟ್ಟರು. ಅದರಲ್ಲಿ ಇದ್ದದ್ದು ಇಷ್ಟೇ: “ನೀಲಕ್ಕ, ತಪ್ಪಾತು. ನಾ ಕಳ್ಳತನ ಮಾಡಿದ್ದು ಬರೇ ನಿಬಂಧದ್ದಲ್ಲ. ನಿಧಾನ ಬರಿ. ಇದನ್ನ ನಾನ ಬರದೀನಿ.”

ಸಂಜೆ ಖಾಲಿ ಡಬ್ಬಿ ಕೈಗೆ ಕೊಟ್ಟು, ಪ್ರಶ್ನೆಪತ್ರಿಕೆ ಹೇಗಿತ್ತು ಎಂದು ಹೇಳುತ್ತ ಅವಳು ಮುಂದೆ ಮುಂದೆ ನಡೆದಳು. ಖೋಲಿಗೆ ಬಂದು ಡಬ್ಬಿ ತೆಗೆದೆ. ನನ್ನ ಚೀಟಿ ಒಳಗಿತ್ತು. ಅದರ ಕೆಳಗೆ ಆ ಮುತ್ತಿನಂಥ ಅಕ್ಷರದಲ್ಲಿ ಅವಳು ಬರೆದಿದ್ದಳು: “ಅಕ್ಷರ ಬಾಳ ಕೆಟ್ಟ ಅದಾವ. ವಿಷಯ ಖರೆ ಐತಿ. ಹತ್ತಕ್ಕ ನಾಕು. ಪಾಸು.”